ಜೆಯಾಳ ತಾರೆಗೆ ನಮ್ಮವರ ಬೆರಳು

ಜೂನ್ 9, 2024, ಭಾನುವಾರ
ಚಿನ್ನಮನೂರು

ಈ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಯಾರಿಗೂ ಅದನ್ನು ಓದಲು ಬಾರದು. ನಮ್ಮ ಹಿರಿಯರು ತಮಿಳುನಾಡಿನ ಈ ಕಂಬಂ ಕಣಿವೆಗೆ ಬರುವಾಗ ದನ ತಂದರು, ದೇವರನ್ನು ತಂದರು, ಮಾತು ತಂದರು. ಅಕ್ಷರದ ಗಂಟನ್ನು ದಾರಿಯಲ್ಲೆಲ್ಲೋ ಮರೆತರು. ಅದನ್ನು ಹುಡುಕಿಕೊಂಡು ಮೈಸೂರಿಗೆ ಹೋಗಿ ಎಂ.ಎ. ಮಾಡಿ ಏಮಾರಿದವನು ನಾನೊಬ್ಬನೇ. ಹೀಗಾಗಿ ಈ ದಿನಚರಿಯನ್ನು ಟಿ.ವಿ. ಮೇಲೆ ಬಿಟ್ಟು ಹೋದರೂ ಭಯವಿಲ್ಲ. ಹೆಸರಾಂತ ದಿಂಡಿಗಲ್ಲಿನ ಬೀಗಕ್ಕಿಂತ ಭದ್ರ.

ಎಂ.ಎ. ಹಾಕಿದ ಅನ್ನವೆಂದರೆ ಬಸ್‌ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿ. ಮದುವೆ, ಕಿವಿಚುಚ್ಚು, ಗೃಹಪ್ರವೇಶ, ಕಣ್ಣೀರ ಅಂಜಲಿ, ಎಲ್ಲಕ್ಕೂ ತಮಿಳಿನಲ್ಲಿ ಪ್ರಾಸ ಹೊಸೆದು ಬ್ಯಾನರ್ ಮಾಡಿಕೊಡುತ್ತೇನೆ. ಈ ಊರಿನಲ್ಲಿ ಸತ್ತವರೆಲ್ಲ ನನ್ನ ಪ್ರಾಸ ಹತ್ತಿಕೊಂಡೇ ಸ್ವರ್ಗಕ್ಕೆ ಹೋಗುವುದು.

ಜೆಯಲಕ್ಷ್ಮಿಗೆ, ಎಂದರೆ ನನ್ನ ಹೆಂಡತಿ ಜೆಯಾಗೆ, ಹೊಟ್ಟೆಯ ಗೆಡ್ಡೆ ತೆಗೆದ ಮೇಲೆ ಕೀಮೋ ನಡೆಯುತ್ತಿದೆ. ತಲೆಗೂದಲು ಹೋಯಿತು. ‘ಇನ್ಮೇಲೆ ನನ್ನಲ್ಲಿ ಕೂದಲೆಳೆಯಷ್ಟು ತಪ್ಪೂ ಹುಡುಕಕ್ಕಾಗಲ್ಲ ಮಾವ’ ಎಂದಳು. ಅತ್ತೆಯ ಮಗಳನ್ನೇ ಕಟ್ಟಿಕೊಂಡದ್ದರಿಂದ ಮದುವೆಗೆ ಮುಂಚೆಯೂ ಮಾವ, ಈಗಲೂ ಮಾವ. ನನ್ನ ಬಡ್ತಿ ಅಲ್ಲಿಗೇ ನಿಂತಿದೆ.

ಹೊತ್ತು ಹೋಗಲೆಂದು ಮಗಳು ತೇನ್‌ಮೊಳಿ ತನ್ನ ಹಳೆಯ ಲ್ಯಾಪ್‌ಟಾಪ್ ಕೊಟ್ಟು ಒಂದು ಆಟ ಹಾಕಿಕೊಟ್ಟಿದ್ದಾಳೆ. ಆಕಾಶದಲ್ಲಿ ಹಡಗು ಓಡಿಸುವುದು, ಕಲ್ಲು ಅಗೆಯುವುದು, ಜಗಳ ಆಡುವುದು. ಮೂರನೆಯದಕ್ಕೆ ಇವಳಿಗೆ ಅಭ್ಯಾಸ ಮೊದಲೇ ಇತ್ತು.

ಜೂನ್ 23, ಭಾನುವಾರ

ಹಡಗು ದಡ ಸೇರಿತು. ಈಗ ಅವಳು ಆಟದೊಳಗಿನ ಇನ್ನೊಂದು ಕೆಲಸಕ್ಕೆ ಅಂಟಿಕೊಂಡಿದ್ದಾಳೆ. ನಿಜವಾದ ದೂರದರ್ಶಕಗಳು ಅಳೆದ ನಿಜವಾದ ನಕ್ಷತ್ರಗಳ ಬೆಳಕನ್ನು ಆ ಆಟದವರು ಚುಕ್ಕಿ ಚುಕ್ಕಿಯಾಗಿ ತೋರಿಸುತ್ತಾರೆ. ನಕ್ಷತ್ರದ ಮುಂದೆ ಅದರದೇ ಗ್ರಹವೊಂದು ಹಾದುಹೋದರೆ ಬೆಳಕು ಇಷ್ಟೇ ಇಷ್ಟು ತಗ್ಗುತ್ತದೆ, ಟ್ಯೂಬ್‌ಲೈಟಿನ ಮುಂದೆ ಸೊಳ್ಳೆ ಹಾದಂತೆ. ಆ ತಗ್ಗು ಕಂಡಲ್ಲಿ ಗುರುತು ಹಾಕಬೇಕು. ಕಾಣದಿದ್ದರೆ ‘ಏನೂ ಇಲ್ಲ’ ಎಂಬುದನ್ನು ಒತ್ತಬೇಕು. ಎಲ್ಲೆಲ್ಲಿಯೋ ಕೂತ ಆಟಗಾರರು ಒಂದೇ ಜಾಗಕ್ಕೆ ಗುರುತು ಹಾಕಿದರೆ, ಆ ನಕ್ಷತ್ರ ವಿಜ್ಞಾನಿಗಳ ಮೇಜಿಗೆ ಹೋಗುತ್ತದೆ.

ಕಂಪ್ಯೂಟರಿಗಿಂತ ಜನರ ಕಣ್ಣು ಕೆಲವು ಸಲ ವಾಸಿಯಂತೆ. ಇದನ್ನು ಹೇಳುವಾಗ ಜೆಯಾ ನನ್ನ ಕನ್ನಡಕದತ್ತ ಮರುಕದಿಂದ ನೋಡಿದಳು.

‘ಕಾಪಿ ತಾರೇ’ ಎಂದೆ.

‘ತಾರೆ ಇಲ್ಲೇ ಅದೆ, ಬಂದು ನೋಡಿ. ಕಾಪಿ ನೀವೇ ಹಾಕ್ಕೊಳಿ.’

ಗ್ರಹ ಹಿಡಿಯುವವಳು ಅವಳು, ಗ್ರಹಚಾರ ಹಿಡಿದಿರುವುದು ನನಗೆ.

ಜುಲೈ 14, ಭಾನುವಾರ

ಇವತ್ತು ನಾನು ಅಂಗಡಿಯಿಂದ ಬಂದಾಗ ಜೆಯಾ ಜಗುಲಿಯಲ್ಲಿ ನೆಟ್ಟಗೆ ಕೂತಿದ್ದಳು. ವಾಂತಿಯ ಬೋಗುಣಿ ಪಕ್ಕದಲ್ಲಿ ಒಣಗಿತ್ತು.

‘ಮಾವ, ಇಲ್ಲಿ ನೋಡಿ. ಇಲ್ಲಿ, ಆಮೇಲೆ ಇಲ್ಲಿ, ಆಮೇಲೆ ಇಲ್ಲಿ. ಮೂರ್ಕೂ ನಡುವೆ ಒಂದೇ ದೂರ.’

ನನಗೆ ಕಂಡದ್ದು ಚೆಲ್ಲಿದ ಗಸಗಸೆ.

ಗುರುತು ಹಾಕಿದ ಮೇಲೆ ಉಳಿದವರು ಏನೆಂದರು ಎಂದು ಒಂದು ಪಟ್ಟಿ ತೋರಿಸುತ್ತದೆ. ಇವಳ ನಕ್ಷತ್ರಕ್ಕೆ ಹೆಚ್ಚಿನವರು ‘ಏನೂ ಇಲ್ಲ’ ಎಂದಿದ್ದರು. ‘ಇದೆ’ ಎಂದವರ ಹಸಿರು ಪಟ್ಟಿ ಬೆರಳುಗುರಿನಷ್ಟಿತ್ತು.

‘ಒತ್ತೋಕೆ ಮುಂಚೆ ತೋರ್ಸಿದ್ರೆ ಜನ ಸರಿಯಾಗಿ ಒತ್ತುತ್ತಿದ್ದರಲ್ಲ?’ ಎಂದೆ.

‘ತೋರ್ಸಬಾರ್ದು. ನಮ್ಮ ಹಟ್ಟಿಲಿ ಕಬ್ಬು ಇಡ್ತಾರಲ್ಲ, ಅಂಗೇ ಇದು.’

ಗೂಡಲೂರಿನ ಹತ್ತಿರ ನಮ್ಮ ಕುಲದ ದನದ ಹಟ್ಟಿ ಇದೆ. ಆ ದನಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಮಾರುವಂತಿಲ್ಲ. ಪಟ್ಟದ ಹೋರಿ ಸತ್ತರೆ ಇನ್ನೊಂದನ್ನು ನಾವು ಆರಿಸುವಂತಿಲ್ಲ. ಜನವರಿಯಲ್ಲಿ ಬರುವ ದನದ ಹಬ್ಬ ಮಾಟ್ಟುಪೊಂಗಲ್ ದಿನ ಬಯಲಿನಲ್ಲಿ ಕಬ್ಬಿನ ಕಟ್ಟು ಇಟ್ಟು, ಎಲ್ಲರೂ ಕೈಯನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಕರೆಯಬಾರದು, ಸನ್ನೆ ಮಾಡಬಾರದು. ಯಾವ ಹೋರಿ ತಾನಾಗಿ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ.

‘ಅಂದರೆ ನಿನ್ನದು ಕಬ್ಬಿಗ ಪರಂಪರೆ’ ಎಂದೆ. ಕಬ್ಬು, ಕಬ್ಬಿಗ. ಹಳಗನ್ನಡ ಓದಿದವರಿಗೆ ಮಾತ್ರ ನಗು ಬರುವಂಥದ್ದು. ಚಿನ್ನಮನೂರಿನಲ್ಲಿ ನಾನೊಬ್ಬನೇ ನಕ್ಕೆ.

ಆಗಸ್ಟ್ 2, ಶುಕ್ರವಾರ
ದಿಂಡಿಗಲ್

ಸ್ಕ್ಯಾನ್ ನೋಡಿದ ಡಾಕ್ಟರು ಜೆಯಾಳನ್ನು ತೂಕ ನೋಡಲು ಹೊರಗೆ ಕಳಿಸಿದರು. ಆಗಲೇ ನನಗೆ ಅರ್ಥವಾಗಬೇಕಿತ್ತು. ಗೆಡ್ಡೆ ಯಕೃತ್ತಿಗೆ ಹೋಗಿದೆ. ಈ ಔಷಧಿ ಹಿಡಿಯುತ್ತಿಲ್ಲ. ಇನ್ನೊಂದು ಕೊಟ್ಟು ನೋಡಬಹುದು, ಆದರೆ ಆಸೆ ಇಟ್ಟುಕೊಳ್ಳಬೇಡಿ ಎಂದರು. ‘ಪೊಂಗಲ್ ತನಕ?’ ಎಂದು ಕೇಳಿದೆ. ಅವರು ಮೇಜಿನ ಮೇಲಿನ ಪೆನ್ನನ್ನು ನೇರ ಮಾಡಿಟ್ಟರು.

ಹೊರಗೆ ಜೆಯಾ, ‘ಏನಂದ್ರು?’ ಎಂದಳು.

‘ನಿನ್ನ ಯಕೃತ್ತು ಸುಕೃತ ಮಾಡಿದೆಯಂತೆ. ಔಷಧಿ ಬದಲಾಯಿಸಿ ಇನ್ನೂ ಜೋರು ಮಾಡ್ತಾರಂತೆ.’

ಅವಳು ನಕ್ಕಳು. ಕಾಲೇಜಿನಿಂದ ಬಂದಿದ್ದ ತೇನ್‌ಮೊಳಿ ನಗಲಿಲ್ಲ. ‘ಉಣ್ಮೈಯಾಪ್ಪಾ?’ ಎಂದಳು, ತಮಿಳಿನಲ್ಲೇ. ನಿಜವೇ ಎಂದು. ಬಸ್ ಬಂತು, ಹತ್ತಿಬಿಟ್ಟೆವು.

ಆಗಸ್ಟ್ 3

ಒಂದು ಕಣ್ಣೀರ ಅಂಜಲಿ, ಎರಡು ಮದುವೆ ಬ್ಯಾನರ್. ಕೆಲಸ ಚೆನ್ನಾಗಿದೆ.

ಆಗಸ್ಟ್ 25, ಭಾನುವಾರ

ಹೊಸ ಔಷಧಿಗೆ ಬಾಯೆಲ್ಲ ಹುಣ್ಣು. ಗಂಜಿ ಕೂಡ ಬೇಡ ಎನ್ನುತ್ತಾಳೆ. ನಕ್ಷತ್ರ ಮಾತ್ರ ಬೇಕು. ದಿನಾ ಒಮ್ಮೆ ಅದನ್ನು ತೆರೆದು ಹಸಿರು ಪಟ್ಟಿ ಬೆಳೆದಿದೆಯೇ ನೋಡುತ್ತಾಳೆ. ಬೆಳೆದಿರುವುದಿಲ್ಲ.

‘ಅದು ವಿಜ್ಞಾನಿಗಳ್ತಾವ ಹೋಗದೊಂದು ನೋಡ್ಬುಟ್ರೆ ಸಾಕು ಮಾವ.’

‘ನೋಡ್ಬುಟ್ರೆ’ ಎಂದಳು. ‘ನೋಡೋಣ’ ಎನ್ನಲಿಲ್ಲ.

ಜೆಯಾಳ ತಮ್ಮ ರಾಮರ್ ಗೂಡಲೂರಿನಿಂದ ಬಂದಿದ್ದ. ದ್ರಾಕ್ಷಿ ವ್ಯಾಪಾರಿ, ನಮ್ಮವರ ವಾಟ್ಸಾಪ್ ಗುಂಪಿನ ಯಜಮಾನ. ಸೊಸೈಟಿ ಎಲೆಕ್ಷನ್ನಿನಲ್ಲಿ ನಮ್ಮವರ ಓಟು ಒಂದೂ ಚದುರದಂತೆ ನೋಡಿಕೊಳ್ಳುವವನು ಅವನೇ. ಅಂಗಡಿಯಲ್ಲಿ ಟೀ ಕುಡಿಯುತ್ತ ಅವನಿಗೆ ಹಸಿರು ಪಟ್ಟಿಯ ಕಥೆ ಹೇಳಿದೆ.

‘ಅಕ್ಕನಿಗೆ ಎಷ್ಟ್ ಓಟ್ ಬೇಕು ಮಚ್ಚಾ?’ ಎಂದ.

ಓಟಲ್ಲ ಮಾಪ್ಳೆ, ಎಂದು ಭಾವಮೈದುನನಿಗೆ ಹೇಳಲು ಬಾಯಿ ತೆರೆದವನು ಟೀ ಕುಡಿದೆ.

ಸೆಪ್ಟೆಂಬರ್ 8, ಭಾನುವಾರ

ಕಂಬಂನಲ್ಲಿ ಒಂದು ಮದುವೆ. ಊಟದ ಎಲೆ ಎತ್ತಿದ ಮೇಲೆ ರಾಮರ್ ಎಲ್ಲರ ಫೋನಿಗೂ ಆ ಆಟ ಹಾಕಿಸಿ ಮಂಟಪದಲ್ಲೇ ತರಗತಿ ನಡೆಸಿದ. ಆಟದ ಪಾಠದ ನಕ್ಷತ್ರಗಳನ್ನು ದಾಟಿದವರಿಗೆ ಮಾತ್ರ ಸಂಖ್ಯೆ ಹಾಕಿ ಬೇಕಾದ ನಕ್ಷತ್ರ ತೆರೆಯಲು ಬಿಡುತ್ತಾರೆ. ಹೀಗಾಗಿ ಅತ್ತೆಯಂದಿರು, ಚಿಕ್ಕಪ್ಪಂದಿರು, ಆಂಡಿಪಟ್ಟಿಯ ಷಡ್ಡಕ, ಅವನ ಟ್ರ್ಯಾಕ್ಟರ್ ಡ್ರೈವರ್ ಸಮೇತ ಎಲ್ಲರೂ ಪಾಠ ಕಲಿತರು. ನಾನು ಅಂಗಡಿಯಲ್ಲಿ ಚಿತ್ರ ಮಾಡಿಟ್ಟಿದ್ದೆ: ಜೆಯಾಳ ನಕ್ಷತ್ರ, ಮೂರು ಕಡೆ ಕೆಂಪು ಬಾಣ, ಮೇಲೆ ತಮಿಳಿನಲ್ಲಿ ‘ನಮ್ಮ ಮನೆಮಗಳಿಗೆ ನಿಮ್ಮ ಬೆರಳು’. ಫ್ಲೆಕ್ಸ್ ಹಾಕುವುದೊಂದು ಬಾಕಿ.

ಹಟ್ಟಿ ನೋಡಿಕೊಳ್ಳುವ ಪಿಚ್ಚೈ ದೊಡ್ಡಪ್ಪ ಮಾತ್ರ ಫೋನನ್ನು ದೂರ ಹಿಡಿದು ಕೇಳಿದ, ‘ಬಾಣ ಇರೋ ಕಡೆ ಒತ್ತೋದಾರೆ, ನಾನ್ಯಾಕೆ ನೋಡ್ಬೇಕು?’

‘ನೋಡ್ಬ್ಯಾಡ ದೊಡ್ಡಪ್ಪ, ಒತ್ತು’ ಎಂದ ರಾಮರ್.

ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ. ಅನುಗ್ರಹ ಎಂದರೆ ಇದೇ: ಅಣು ಅಣುವಾಗಿ ಸೇರಿದ ಗ್ರಹ. ಕಾಗುಣಿತದವರು ಕ್ಷಮಿಸಲಿ.

ಸೆಪ್ಟೆಂಬರ್ 15, ಭಾನುವಾರ

ಊಟದ ಹೊತ್ತಿಗೆ ಎಲ್ಲರೂ ಒತ್ತಿದರು. ಸಂಜೆ ಜೆಯಾ ಲ್ಯಾಪ್‌ಟಾಪ್ ತೆರೆದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಬೆನ್ನನ್ನೇ ನೋಡುತ್ತಿದ್ದೆ.

ಆಮೇಲೆ, ‘ಮಾವ’ ಎಂದಳು. ಮದುವೆಯಾದ ಹೊಸದರಲ್ಲಿ ಕರೆಯುತ್ತಿದ್ದ ದನಿ.

ಹಸಿರು ಪಟ್ಟಿ ಪರದೆಯ ಮುಕ್ಕಾಲಿಗೆ ಬಂದಿತ್ತು.

‘ಎಲ್ಲೆಲ್ಲಿಯೋ ಇರೋರು ಮಾವ. ನನ್ನ ಮೂತಿ ನೋಡಿಲ್ದೋರು. ಅವ್ರಿಗೂ ಕಂಡದೆ.’

ಬಾಯಿಹುಣ್ಣಿನಲ್ಲೇ ಎರಡು ಇಡ್ಲಿ ತಿಂದಳು. ಈ ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಇದೊಂದೇ. ಬರೆದಿಡುತ್ತೇನೆ.

ಸೆಪ್ಟೆಂಬರ್ 19, ಗುರುವಾರ

ಆಟದವರಿಂದ ಸಂದೇಶ ಬಂದಿದೆ. ಒಂದೇ ಪ್ರದೇಶದಿಂದ, ಒಂದೇ ಹೊತ್ತಿನಲ್ಲಿ, ಒಂದೇ ನಕ್ಷತ್ರಕ್ಕೆ, ಕೂಡಿ ಮಾತಾಡಿಕೊಂಡು ಗುರುತು ಹಾಕಲಾಗಿದೆ. ಆ ಗುರುತುಗಳನ್ನೆಲ್ಲ ಅಳಿಸಲಾಗಿದೆ. ನಕ್ಷತ್ರವನ್ನು ಸಾಲಿನಿಂದ ಹಿಂದಕ್ಕೆ ತೆಗೆಯಲಾಗಿದೆ. ಅದೇ ಪ್ರದೇಶದ ಈ ಖಾತೆಯನ್ನೂ ತಡೆಹಿಡಿಯಲಾಗಿದೆ.

ಜೆಯಾ ಅದನ್ನು ತೇನ್‌ಮೊಳಿಯಿಂದ ಫೋನಿನಲ್ಲಿ ಎರಡು ಸಲ ಓದಿಸಿಕೊಂಡಳು. ಅವಳದೇ ಮೊದಲ ಗುರುತೂ ಅಳಿದುಹೋಗಿತ್ತು.

ನಾನು ಅಂಗಡಿಗೆ ಹೋದೆ.

ಸೆಪ್ಟೆಂಬರ್ 20

ಬೆಳಿಗ್ಗೆ ಕಾಫಿ ಇಟ್ಟೆ. ಮುಟ್ಟಲಿಲ್ಲ. ರಾಮರ್‌ನ ಹೆಂಡತಿ ಸಮಾಧಾನ ಮಾಡಲು ಫೋನ್ ಮಾಡಿದ್ದಳಂತೆ. ‘ನಮ್ಮೋರೆಲ್ಲ ನಿನ್ಗೋಸ್ಕರ ಒತ್ತಿದ್ವಲ್ಲ ಅತ್ಗೆ, ಬೇಜಾರ್ ಮಾಡ್ಕೋಬ್ಯಾಡ’ ಎಂದಳಂತೆ. ಕೆಂಪು ಬಾಣದ ಚಿತ್ರವನ್ನೂ ಕಳಿಸಿದ್ದಳು.

‘ಬಾಣ ನಿಮ್ಮ ಅಂಗಡೀದು’ ಎಂದಳು ಜೆಯಾ. ‘ಆ ಕೆಂಪು ನಂಗೆ ಗೊತ್ತು.’

‘ನೀನು ಸಂತೋಷವಾಗಿರ್ಲಿ ಅಂತ...’

‘ದಿಂಡಿಗಲ್ ಡಾಕ್ಟ್ರು ಹೇಳಿದ್ದನ್ನ ನಗ್ತಾ ನಗ್ತಾ ಮುಚ್ಚಿಟ್ಟಿದೀರಿ. ಅದು ಸೆರಿ. ನಂಗೆ ಗೊತ್ತಾಯ್ತು, ನಾನೂ ಗೊತ್ತಿಲ್ದಂಗಿದ್ದೆ. ನಿಮ್ಗೂ ಒಂದು ಆಟ ಬೇಕಲ್ಲ.’ ಉಸಿರು ತೆಗೆದುಕೊಂಡಳು. ‘ಈ ಮನೇಲಿ ಇದೊಂದೇ ನಿಮ್ಮ ಕೈ ತಾಕ್ದೆ ಇತ್ತು ಮಾವ.’

ಕೂಗಲಿಲ್ಲ. ಅಳಲೂ ಇಲ್ಲ.

‘ಅಲ್ಲಿ ಗ್ರಹ ಇದ್ರೂ ಈಗ ಯಾರೂ ನಂಬಲ್ಲ. ಇಲ್ದಿದ್ರೂ ನಂಗೆ ಗೊತ್ತಾಗಲ್ಲ.’

ಸೆಪ್ಟೆಂಬರ್ 21

ಬರೆಯಲು ಏನೂ ಇಲ್ಲ.

ಅಕ್ಟೋಬರ್ 6, ಭಾನುವಾರ

ಡಾಕ್ಟರು ಹೇಳಿದ್ದನ್ನು ಹೇಳಿದೆ. ಯಕೃತ್ತು, ಔಷಧಿ ಹಿಡಿಯದ್ದು, ಪೊಂಗಲ್ ಎಂದು ಕೇಳಿದಾಗ ಪೆನ್ನು ನೇರ ಮಾಡಿಟ್ಟದ್ದು. ಅವಳು ಪೆನ್ನಿನ ಬಗ್ಗೆ ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ.

‘ಇನ್ಮೇಲೆ ದಿಂಡಿಗಲ್ ಬ್ಯಾಡ’ ಎಂದಳು. ‘ಬಸ್ಸಲ್ಲಿ ಬೆನ್ನು ನೋಯ್ತದೆ.’

ತೇನ್‌ಮೊಳಿ ಕಾಲೇಜಿಗೆ ರಜೆ ಹಾಕಿ ಬಂದಳು. ಅಮ್ಮ ಮಗಳು ಕೂತು ಆಟದವರಿಗೆ ಇಂಗ್ಲಿಷಿನಲ್ಲಿ ಬರೆದರು. ಅಮ್ಮ ಕನ್ನಡದಲ್ಲಿ ಹೇಳುತ್ತಾಳೆ, ಮಗಳು ತಮಿಳಿನಲ್ಲಿ ಸರಿಯೇ ಎಂದು ಕೇಳುತ್ತಾಳೆ, ಆಮೇಲೆ ಒತ್ತುತ್ತಾಳೆ. ನನ್ನ ಎಂ.ಎ.ಗೆ ಕೆಲಸ ಬರಲಿಲ್ಲ. ಖಾತೆ ವಾಪಸ್ ಕೊಡಿ ಎಂದು ಕೇಳಲಿಲ್ಲ. ನಕ್ಷತ್ರದ ತಪ್ಪೇನೂ ಇಲ್ಲ, ಅದನ್ನು ಬಿಡಬೇಡಿ ಎಂದಷ್ಟೇ ಕೇಳಿದಳು.

ಅಕ್ಟೋಬರ್ 17

ಉತ್ತರ ಬಂತು. ಪುಣ್ಯಕ್ಕೆ ಯಂತ್ರದ್ದಲ್ಲ, ಯಾರೋ ಮನುಷ್ಯರು ಬರೆದದ್ದು. ನಕ್ಷತ್ರವನ್ನು ಮುಂದೆ ಯಾವಾಗಲಾದರೂ ಹೊಸ ಆಟಗಾರರ ಮುಂದೆ ಮೊದಲಿನಿಂದ ಇಡುತ್ತಾರೆ. ಯಾವಾಗ ಎಂದು ಹೇಳಲಾಗದು. ಅದರ ಬಗ್ಗೆ ಮೊದಲೇ ತಿಳಿದವರು ದಯವಿಟ್ಟು ಗುರುತು ಹಾಕಬಾರದು.

‘ಕೇಳಿಸ್ತಾ?’ ಎಂದಳು ನನಗೆ.

‘ಕೇಳಿಸ್ತು.’

‘ರಾಮರ್‌ಗೂ ಹೇಳಿ. ನಾನ್ ಹೋದ್ಮೇಲೂ.’

ನವೆಂಬರ್ 10, ಭಾನುವಾರ

ಹೊಟ್ಟೆಯಲ್ಲಿ ನೀರು ತುಂಬಿದೆ. ತೇನಿ ಪಟ್ಟಣದಿಂದ ನರ್ಸ್ ಬಂದು ತೆಗೆದು ಹೋಗುತ್ತಾಳೆ. ನೋವಿನ ಔಷಧಿಗೆ ದಿನದ ಬಹುಪಾಲು ನಿದ್ದೆ.

ಪಿಚ್ಚೈ ದೊಡ್ಡಪ್ಪ ನೋಡಲು ಬಂದ. ಹಾಸಿಗೆಯ ಬಳಿ ಕುಕ್ಕರುಗಾಲಲ್ಲಿ ಕೂತ. ಹಟ್ಟಿಯ ಪಟ್ಟದ ಹೋರಿ ದೀಪಾವಳಿಯ ಮಾರನೆಯ ದಿನ ಸತ್ತಿತಂತೆ.

‘ಮಗಾ ಜೆಯಾ, ನಾನೂ ಒತ್ಬುಟ್ಟೆ ಕಣವ್ವ’ ಎಂದ. ‘ಆಯುಸ್ಸೆಲ್ಲ ಕಬ್ಬಿನ ಮುಂದೆ ಕೈ ಕಟ್ಟಿ ನಿಂತೋನು. ನಿನ್ನ ಹೆಸ್ರು ಕೇಳ್ದೆ, ಬೆರಳು ತಾನೇ ಹೋಯ್ತು.’

‘ಪರವಾಯಿಲ್ಲೆ ದೊಡ್ಡಪ್ಪ.’

‘ಕರೆದ್ರೆ ಯಾವ ಹೋರಿನಾದ್ರೂ ಬತ್ತದೆ. ಅದ್ಕೇ ಕರೆಯಲ್ಲ.’ ಇದನ್ನು ನನ್ನ ಕಡೆ ತಿರುಗಿ ಹೇಳಿದ. ಬೈದದ್ದಲ್ಲ. ದಾರಿ ತಪ್ಪಿದವನಿಗೆ ದಾರಿ ತೋರಿಸುವಂತೆ ಹೇಳಿದ.

ಅವನು ಹೋದ ಮೇಲೆ ಜೆಯಾ ಕಣ್ಣು ಬಿಟ್ಟು, ‘ಏನಾದ್ರೂ ಜೋಕ್ ಹೇಳಿ ಮಾವ’ ಎಂದಳು.

ಕಾಲು ಒತ್ತಲೇ ಎಂದು ಕೇಳಿದೆ. ಒತ್ತಿ ಎಂದಳು.

ನವೆಂಬರ್ 28

ಅವಳ ಕಾಲು ಬಾತಿದೆ. ಬೆರಳಿಟ್ಟರೆ ತಗ್ಗು ಬೀಳುತ್ತದೆ, ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ. ನೋಡುತ್ತ ಕೂತಿರುತ್ತೇನೆ.

ಡಿಸೆಂಬರ್ 12, ಗುರುವಾರ

ಮಳೆ. ಅಂಗಡಿ ತೆರೆಯಲಿಲ್ಲ. ಮಧ್ಯಾಹ್ನ ಅವಳಿಗೆ ಎಚ್ಚರವಿತ್ತು.

‘ಅಲ್ಲಿ ಏನೂ ಇಲ್ದಿದ್ರೆ?’ ಎಂದಳು.

ನನಗೆ ಗೊತ್ತಿಲ್ಲ ಎಂದೆ.

‘ಹ್ಞಾಂ’ ಎಂದಳು. ಕೈ ಹಿಡಿದುಕೊಂಡಳು. ಹಾಗೇ ನಿದ್ದೆ ಹೋದಳು.

ಡಿಸೆಂಬರ್ 18

ಜೆಯಾ ಇವತ್ತು ಬೆಳಿಗ್ಗೆ ಹೋದಳು. ತೇನ್‌ಮೊಳಿ ಪಕ್ಕದಲ್ಲಿದ್ದಳು. ನಾನೂ ಇದ್ದೆ.

ಡಿಸೆಂಬರ್ 20

ಬೀದಿಯ ತುದಿಗೆ ಬ್ಯಾನರ್ ಬೇಕು ಎಂದ ರಾಮರ್. ಅಂಗಡಿಗೆ ಹೋಗಿ ಕಣ್ಣೀರ ಅಂಜಲಿಯ ಫೈಲ್ ತೆರೆದೆ. ಆರುವ ದೀಪ, ಹಾರುವ ಪಾರಿವಾಳ, ನಾಲ್ಕು ಸಾಲು ಪ್ರಾಸ. ಎಲ್ಲ ನಾನೇ ಮಾಡಿದ್ದು. ಒಂದೊಂದಾಗಿ ಅಳಿಸಿದೆ. ಹೆಸರು, ಹುಟ್ಟಿದ ದಿನ, ಹೋದ ದಿನ ಉಳಿದವು.

‘ಇಷ್ಟೇನಾ ಮಚ್ಚಾ?’ ಎಂದ ರಾಮರ್. ‘ನೀವೇ ಬರೆದದ್ದಾ?’

ಇಷ್ಟೇ ಎಂದೆ.

ಜನವರಿ 15, 2025, ಬುಧವಾರ

ಮಾಟ್ಟುಪೊಂಗಲ್. ಸಾವಿನ ಮನೆಯವರು ಹಬ್ಬ ಮಾಡುವಂತಿಲ್ಲ. ದೂರ ನಿಂತು ನೋಡಬಹುದು ಎಂದು ಪಿಚ್ಚೈ ದೊಡ್ಡಪ್ಪ ಹೇಳಿ ಕಳಿಸಿದ್ದ. ತೇನ್‌ಮೊಳಿಯನ್ನು ಕರೆದುಕೊಂಡು ಗೂಡಲೂರಿಗೆ ಹೋದೆ.

ಬಯಲಿನ ನಡುವೆ ಕಬ್ಬು. ಸುತ್ತಲೂ ಜನ, ಎಲ್ಲರ ಕೈ ಬೆನ್ನ ಹಿಂದೆ. ಹೋರಿಗಳನ್ನು ಬಿಟ್ಟರು. ಎಲ್ಲರ ಮನಸ್ಸು ಇದ್ದದ್ದು ಕೆಂದು ಬಣ್ಣದ ಎತ್ತರದ ಹೋರಿಯ ಮೇಲೆ. ಅದು ಕಬ್ಬಿನ ತನಕ ಬಂತು, ಮೂಸಿತು, ತಿರುಗಿ ಹೋಯಿತು. ಗುಂಪು ಉಸಿರು ಬಿಟ್ಟಿತು, ಯಾರೂ ಕಟ್ಟಿದ ಕೈ ಬಿಚ್ಚಲಿಲ್ಲ. ಬಿಸಿಲು ಏರುವವರೆಗೂ ಯಾವುದೂ ಕಬ್ಬಿಗೆ ಬಾಯಿ ಹಾಕಲಿಲ್ಲ. ಈ ವರ್ಷ ಹಟ್ಟಿಗೆ ಪಟ್ಟದ ಹೋರಿ ಇಲ್ಲ, ಬರುವ ವರ್ಷ ನೋಡೋಣ ಎಂದು ದೊಡ್ಡಪ್ಪ ಕಬ್ಬಿನ ಕಟ್ಟನ್ನು ತಾನೇ ಹೊತ್ತುಕೊಂಡು ಹೋದ.

ಜನವರಿ 26, ಭಾನುವಾರ

ನಕ್ಷತ್ರವನ್ನು ಮತ್ತೆ ಸಾಲಿಗೆ ಇಟ್ಟಿದ್ದಾರೆ. ತೇನ್‌ಮೊಳಿ ತನ್ನ ಖಾತೆಯಲ್ಲಿ ಕಂಡುಕೊಂಡು ಹೇಳಿದಳು. ನಡೆದದ್ದರಿಂದಲೋ ಏನೋ, ಈ ಒಂದು ನಕ್ಷತ್ರದ ಎಣಿಕೆಯನ್ನು ಯಾರು ಬೇಕಾದರೂ ನೋಡುವಂತೆ ಬಿಟ್ಟಿದ್ದಾರೆ. ಹೊಸ ಜನ, ನಮಗೆ ಗೊತ್ತಿಲ್ಲದವರು, ಒಬ್ಬೊಬ್ಬರಾಗಿ ಹೇಳುತ್ತಿದ್ದಾರೆ. ಹೆಚ್ಚಿನವರು ‘ಏನೂ ಇಲ್ಲ’ ಎನ್ನುತ್ತಿದ್ದಾರೆ. ಹಸಿರು ಪಟ್ಟಿ ಇದೆ, ಸಣ್ಣದು.

ರಾಮರ್ ಫೋನ್ ಮಾಡಿದ. ‘ಮಚ್ಚಾ, ನನ್ನ ಗಿರಾಕಿಗಳು ಕೊಚ್ಚಿಲಿ ಅವ್ರೆ, ಚೆನ್ನೈಲಿ ಅವ್ರೆ. ಬ್ಯಾರೆ ಬ್ಯಾರೆ ಊರು, ಬ್ಯಾರೆ ಬ್ಯಾರೆ ದಿನ. ಈ ಸಲ ಯಾರ್ಗೂ ತಿಳಿಯಲ್ಲ. ಅಕ್ಕನ ಹೆಸ್ರು ಉಳೀತದೆ.’

‘ಬ್ಯಾಡ ಮಾಪ್ಳೆ.’

‘ಸೋತೋಗ್ತದೆ ಮಚ್ಚಾ.’

‘ಹೋಗ್ಲಿ.’

ಅವನು ಅಳುತ್ತಿದ್ದ. ಫೋನ್ ಇಟ್ಟ ಮೇಲೆ ಮಗಳು ತನ್ನ ಪಾಡಿಗೆ ಬಟ್ಟೆ ಮಡಿಸಲು ಹೋದಳು. ಲ್ಯಾಪ್‌ಟಾಪ್ ಜಗುಲಿಯಲ್ಲೇ ಇತ್ತು, ನಕ್ಷತ್ರ ತೆರೆದೇ ಇತ್ತು. ಜೆಯಾ ಬೆರಳಿಟ್ಟ ಮೂರು ಜಾಗಗಳನ್ನೂ ನೋಡಿದೆ. ತಗ್ಗು ಇದೆ ಎಂದು ನನಗೆ ಕಾಣುತ್ತದೆ. ಅಲ್ಲಿ ಇರುವುದರಿಂದ ಕಾಣುತ್ತದೆಯೋ, ಅವಳು ತೋರಿಸಿದ್ದರಿಂದ ಕಾಣುತ್ತದೆಯೋ ಗೊತ್ತಿಲ್ಲ.

ಕೆಳಗೆ ಆಟದವರ ಎಂದಿನ ಪ್ರಶ್ನೆ: ಇಲ್ಲಿ ಏನಾದರೂ ಕಾಣುತ್ತಿದೆಯೇ?

ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಬಿಸಿಲು ಜಗುಲಿಗೆ ಬಂದು, ಪರದೆಯ ಮೇಲೆ ಬಿದ್ದು, ಚುಕ್ಕಿಗಳು ಒಂದೂ ಕಾಣದಾಗುವವರೆಗೆ ಹಾಗೇ ಕೂತಿದ್ದೆ.